ಕಿತ್ತೂರಿನ ವಾಡೆ ಮತ್ತು ನಮ್ಮ ಕೀರ್ದಿ ಪುಸ್ತಕ

ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ನಿಮಿತ್ತ ಏನು ಮಾಡಬೇಕು ಎಂಬ ವಿಷಯ ಸಭೆಯ ಮುಂದೆ ಬಂದಾಗ ಎರಡು ಅಭಿಪ್ರಾಯಗಳಾದವು. ಪ್ರತಿಯೊಬ್ಬ ಸದಸ್ಯರಿಗೆ ಸಂಘದ ಹೆಸರು ಕೊರೆಸಿದ ಒಂದು ಸ್ಟೀಲ್ ಡಬ್ಬಿ ಕೊಡಬೇಕು ಎಂಬುದು ಒಂದು. ಸದಸ್ಯರನ್ನೂ ಅವರ ಮಕ್ಕಳನ್ನೂ ಕರೆದುಕೊಂಡು ಕಿತ್ತೂರಿಗೆ ಹೋಗಿ, ರಾಣಿ ಚೆನ್ನಮ್ಮನ ವಾಡೆಯನ್ನೂ ಅಲ್ಲಿಯ ವಸ್ತುಸಂಗ್ರಹಾಲಯವನ್ನೂ ನೋಡಿ ಬರಬೇಕು ಎಂಬುದು ಇನ್ನೊಂದು. ಡಬ್ಬಿಯ ಪರವಾಗಿ ಎದ್ದು ನಿಂತವರು ನಮ್ಮ ಸಂಘದ ಅತಿ ಹಿರಿಯ ಸದಸ್ಯರಲ್ಲಿ ಒಬ್ಬರಾದ ಅಜ್ಜ.

“ಅಲ್ಲೇನೈತ್ರೀ ನೋಡಾಕ? ಬಿದ್ದ ಗ್ವಾಡಿ ನೋಡಾಕ ಕಿತ್ತೂರಿಗ್ಯಾಕ ಹೋಗಬೇಕು? ನಮ್ಮೂರಾಗೂ ಬೇಕಾದಷ್ಟು ಬಿದ್ದಾವ. ಡಬ್ಬಿ ಕೊಟ್ಟರ ಮನಿಯಾಗ ನಾಕು ದಿವಸ ಹೆಸರು ಉಳಿತೈತಿ” ಎಂದು ಅವರು ಹೇಳಿದಾಗ ಸಭೆಯಲ್ಲಿ ನಗೆ ಎದ್ದಿತು. ಕೈ ಎತ್ತಿ ಮತ ತೆಗೆದುಕೊಂಡೆವು. ಬಹಳ ಕಡಿಮೆ ಅಂತರದಲ್ಲಿ ಕಿತ್ತೂರು ಗೆದ್ದಿತು. ಅಜ್ಜ ಠರಾವಿಗೆ ಸಹಿ ಹಾಕಿ, “ಆತು, ನಾನೂ ಬರ್ತೀನಿ. ಬಿದ್ದ ಗ್ವಾಡೀನ ನೋಡೂಣು” ಎಂದರು.

ಹೀಗೆ ಒಂದು ರವಿವಾರ ಬೆಳಿಗ್ಗೆ ಎರಡು ಬಸ್ಸು ಮಾಡಿಕೊಂಡು ಹೊರಟೆವು. ಕಟಕರೊಟ್ಟಿ, ಶೇಂಗಾ ಚಟ್ನಿ, ಕಾಳಪಲ್ಯೆ, ಮೊಸರನ್ನದ ಬುತ್ತಿ ಸಂಗಡ ಇತ್ತು. ಕಲಘಟಗಿಯ ಭತ್ತದ ಗದ್ದೆ, ಕುರುಚಲು ಗುಡ್ಡಗಳನ್ನು ದಾಟಿ ಧಾರವಾಡಕ್ಕೆ ಬಂದು, ಅಲ್ಲಿಂದ ಪುಣೆಯ ಕಡೆಗಿನ ಹೆದ್ದಾರಿ ಹಿಡಿದು, ಮುಮ್ಮಿಗಟ್ಟಿ, ಕೋಟೂರು, ತೇಗೂರು ದಾಟಿದರೆ ಕಿತ್ತೂರು. ಧಾರವಾಡದಿಂದ ಸುಮಾರು 30 ಕಿಲೋಮೀಟರು. ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್ಲಿನಲ್ಲಿ ಕುದುರೆ ಏರಿದ ರಾಣಿಯ ಪ್ರತಿಮೆಯ ಕೆಳಗೆ ನಾವು ಎಷ್ಟು ಸಲ ಬಸ್ಸು ಕಾಯ್ದಿಲ್ಲ? ಆಕೆಯ ಹೆಸರಿನ ರೈಲುಗಾಡಿಯಲ್ಲಿ ಬೆಂಗಳೂರಿಗೂ ಹೋಗಿ ಬಂದಿದ್ದೇವೆ. ಆದರೆ ಆಕೆ ಬಾಳಿದ ಮನೆಯ ಹೊಸ್ತಿಲನ್ನು ತುಳಿದವರು ನಮ್ಮ ಎರಡು ಬಸ್ಸಿನಲ್ಲಿ ಹತ್ತು ಮಂದಿಯೂ ಇರಲಿಲ್ಲ. 1961ರಲ್ಲಿ ಬಂದ ‘ಕಿತ್ತೂರು ಚೆನ್ನಮ್ಮ’ ಸಿನೆಮಾದಲ್ಲಿ ಬಿ. ಸರೋಜಾದೇವಿಯವರನ್ನು ಕಂಡದ್ದೇ ಹಿರಿಯರಿಗೆ ರಾಣಿಯ ದರ್ಶನ.

ದೇಸಾಯರ ಮನೆತನ

ಕಿತ್ತೂರು ದೇಸಾಯರ ಮೂಲಪುರುಷರೆಂದು ಹೇಳುವ ಹಿರೇಮಲ್ಲಶೆಟ್ಟಿ, ಚಿಕ್ಕಮಲ್ಲಶೆಟ್ಟಿ ಎಂಬ ಅಣ್ಣತಮ್ಮಂದಿರು 16ನೇ ಶತಮಾನದ ಕೊನೆಗೆ ವಿಜಾಪುರದ ಆದಿಲ್‌ಶಾಹಿ ಸೈನ್ಯದೊಂದಿಗೆ ಸಾಗರದ ಕಡೆಯಿಂದ ಈ ಭಾಗಕ್ಕೆ ಬಂದು ಸಂಪಗಾವಿಯಲ್ಲಿ ನೆಲೆ ನಿಂತರು. 17ನೇ ಶತಮಾನದಲ್ಲಿ ಅಲ್ಲಪ್ಪಗೌಡ ಸರದೇಸಾಯಿ ತನ್ನ ಗದ್ದುಗೆಯನ್ನು ಕಿತ್ತೂರಿಗೆ ತಂದು ಕೋಟೆ, ವಾಡೆ ಕಟ್ಟಿಸಿದನು. ಮುಂದೆ ಈ ಚಿಕ್ಕ ಸಂಸ್ಥಾನ ಒಂದು ಕಡೆ ಪೇಶ್ವೆ, ಇನ್ನೊಂದು ಕಡೆ ಹೈದರ–ಟೀಪೂ, ಕೊನೆಗೆ ಕುಂಪಣಿ ಸರಕಾರ, ಈ ಮೂವರ ನಡುವೆ ಸಿಕ್ಕು ಬದುಕಬೇಕಾಯಿತು. 1782ರಲ್ಲಿ ಪಟ್ಟಕ್ಕೆ ಬಂದ ಮಲ್ಲಸರ್ಜ ದೇಸಾಯಿ ಟೀಪೂವಿನ ಸೆರೆಯನ್ನೂ ಕಂಡವನು, ಪೇಶ್ವೆಯ ಸೆರೆಯನ್ನೂ ಕಂಡವನು. 1816ರಲ್ಲಿ ಆತ ತೀರಿಕೊಂಡನು. ಆತನ ಹಿರಿಯ ರಾಣಿ ರುದ್ರಮ್ಮ, ಕಿರಿಯ ರಾಣಿಯೇ ಕಾಕತಿಯ ದೇಸಾಯರ ಮಗಳು ಚೆನ್ನಮ್ಮ. ಹುಟ್ಟಿದ್ದು 1778ರಲ್ಲಿ.

ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜ ಪಟ್ಟಕ್ಕೆ ಬಂದನು. 1818ರಲ್ಲಿ ಪೇಶ್ವೆಯ ವಿರುದ್ಧ ಬೆಳಗಾವಿ ಕೋಟೆಯ ಮುತ್ತಿಗೆಯಲ್ಲಿ ಈತ ಇಂಗ್ಲೀಷರಿಗೆ ಸಹಾಯ ಮಾಡಿದನೆಂಬುದನ್ನು ನಾವು ಮರೆಮಾಚಬಾರದು. ಅದರ ಪ್ರತಿಫಲವಾಗಿ ಥಾಮಸ್ ಮನ್ರೋ ಆತನಿಗೆ ಸಂಸ್ಥಾನವನ್ನು ಕಾಯಂ ಮಾಡಿ ಸನದು ಕೊಟ್ಟನು. ವರ್ಷಕ್ಕೆ 1,75,000 ರೂಪಾಯಿ ಕಪ್ಪ ಎಂದು ಠರಾಯಿತು. ಆ ಸನದನ್ನು ನಂಬಿದ ಮನೆತನವೇ ಆರು ವರ್ಷದಲ್ಲಿ ಬೀದಿಗೆ ಬಂದಿತು.

ವಾಡೆಯೊಳಗೆ

ಕೋಟೆಯ ಕಂದಕ, ಬುರುಜು ದಾಟಿ ಒಳಗೆ ಹೋದರೆ ವಾಡೆ. ಅಜ್ಜ ಹೇಳಿದ್ದು ಸುಳ್ಳಲ್ಲ. ಮಾಳಿಗೆ ಇಲ್ಲ, ಕಂಬ ಇಲ್ಲ, ನಿಂತಿರುವುದು ಗೋಡೆಗಳು ಮಾತ್ರ. ಆದರೆ ಆ ಗೋಡೆಗಳ ದಪ್ಪವನ್ನು ನೋಡಬೇಕು. ಮಕ್ಕಳು ಕೈ ಚಾಚಿ ಅಳೆಯಲು ಹೋಗಿ ಸೋತರು. ಒಳಗೇ ಬಾವಿ ಇದೆ. ಧ್ರುವ ನಕ್ಷತ್ರ ನೋಡುವ ಕಿಂಡಿ ಎಂದು ಒಂದು ಸ್ಥಳವನ್ನು ತೋರಿಸುತ್ತಾರೆ. ನಮ್ಮ ಹೆಣ್ಣುಮಕ್ಕಳು ಮೊದಲು ಅಡಿಗೆಮನೆ ಎಲ್ಲಿ ಎಂದು ಹುಡುಕಿದರು. ಏಳನೇ ಇಯತ್ತೆಯ ಒಬ್ಬ ಹುಡುಗಿ, “ರಾಣಿ ಮಲಗೂ ಖೋಲಿ ಯಾವುದ್ರೀ ಕಾಕಾ?” ಎಂದು ಕೇಳಿದಳು. ಮೇಲೆ ಆಕಾಶ ಕಾಣುವ ಆ ಖೋಲಿಗಳಲ್ಲಿ ಯಾವುದನ್ನು ತೋರಿಸಿ ಹೇಳುವುದು? ನಾವು ಸುಮ್ಮನಾದೆವು.

ರಾಜ್ಯ ಸರಕಾರದ ಪ್ರಾಚ್ಯವಸ್ತು ಇಲಾಖೆಯ ವಸ್ತುಸಂಗ್ರಹಾಲಯ ಕೋಟೆಯ ಆವರಣದಲ್ಲಿಯೇ ಇದೆ. ಕತ್ತಿಗಳು, ಸುತ್ತಲಿನ ಊರುಗಳಿಂದ ತಂದ ವಿಗ್ರಹಗಳು, ವೀರಗಲ್ಲುಗಳು, ಶಾಸನಗಳು, ವಾಡೆಯ ಕೆತ್ತನೆಯ ಬಾಗಿಲು–ಕಿಟಕಿಗಳು. ಬಾಗಿಲ ಚೌಕಟ್ಟಿನ ಮುಂದೆ ನಮ್ಮ ಗುಂಪು ಬಹಳ ಹೊತ್ತು ನಿಂತಿತು. ಕಲಘಟಗಿಯವರಾದ ನಮಗೆ ಕಟ್ಟಿಗೆಯ ಕೆಲಸದ ಬೆಲೆ ಗೊತ್ತು. ಸಾಗವಾನಿ ಕಟ್ಟಿಗೆಗೆ ಅರಗಿನ ಬಣ್ಣ ಹಾಕಿ ಮಾಡುವ ನಮ್ಮ ತೊಟ್ಟಿಲುಗಳು ನಾಡಿಗೆಲ್ಲ ಹೆಸರಾಗಿವೆ. ಬಡಿಗತನ ಮಾಡಿಕೊಂಡಿರುವ ನಮ್ಮ ಸದಸ್ಯರೊಬ್ಬರು ಚೌಕಟ್ಟಿನ ಸಂದನ್ನು ಬಗ್ಗಿ ನೋಡಿ, “ಇಂಥಾ ಬಾಗಿಲಾ ಮಾಡಿದವ ಎರಡು ನೂರು ವರ್ಷ ಎಣಿಸೇ ಮಾಡಿರತಾನ. ಮನಿ ಹೋಗಿ ಬಾಗಿಲಾ ಉಳಿತೈತಿ ಅಂತ ಎಣಿಸಿರಲಿಕ್ಕಿಲ್ಲ” ಎಂದರು.

ವೀರಗಲ್ಲುಗಳ ಮುಂದೆ ಮಕ್ಕಳಿಗೆ ಹೇಳಿದೆವು: ದನ ಕಾಯಲು, ಊರು ಕಾಯಲು ಸತ್ತವರ ಲೆಕ್ಕವನ್ನು ಊರವರು ಕಲ್ಲಿನಲ್ಲಿ ಬರೆದಿಟ್ಟದ್ದು ಇದು. ಕಿತ್ತೂರಿನದೇ ಒಂದು ಶಾಸನದ ಸಂಗತಿಯನ್ನೂ ಹೇಳಿದೆವು. ಗೋವೆಯ ಕದಂಬ ಅರಸ ಮೂರನೇ ಜಯಕೇಶಿಯ ಕಾಲದ 1188ರ ಶಾಸನವದು. ಒಂದು ಹೊಲ ಯಾರದು ಎಂದು ಕಲ್ಲೇಶ್ವರ ದೇವರ ಆಚಾರ್ಯರಿಗೂ ಮೂಲಸ್ಥಾನ ದೇವರ ಆಚಾರ್ಯರಿಗೂ ತಕರಾರು ಬಿತ್ತು. ದೇಗಾವಿಯ ದೇವಸ್ಥಾನದಲ್ಲಿ ಕಾಯಿಸಿದ ನೇಗಿಲ ಕುಳವನ್ನು ಕೈಯಲ್ಲಿ ಹಿಡಿದು ಪ್ರಮಾಣ ಮಾಡಿಸಿ, ಮರುದಿವಸ ಅಂಗೈ ಪರೀಕ್ಷೆ ಮಾಡಿ, ತೀರ್ಪು ಕೊಟ್ಟು, ಅದನ್ನು ಕಲ್ಲಿನಲ್ಲಿ ಕೊರೆದಿಟ್ಟರು. ಇದನ್ನು ಕೇಳಿ ಅಜ್ಜ ಮೊದಲ ಸಲ ಹತ್ತಿರ ಬಂದರು. “ಹೊಲದ ತಕರಾರು ಅವಾಗೂ ಇತ್ತೇನು! ಕೈ ಸುಡಲಿ ಬಿಡಲಿ, ಬರದಿಟ್ಟರಲ್ಲ, ಅದು ಚೊಲೋ ಮಾಡಿದರು” ಎಂದರು.

ಒಂದು ಪತ್ರ, ಒಂದು ಮುದ್ರೆ

ಕಿತ್ತೂರಿನ ಯುದ್ಧವೆಂದರೆ ನಮಗೆ ಕುದುರೆ, ಕತ್ತಿ, ತೋಪುಗಳ ನೆನಪಾಗುತ್ತದೆ. ಆದರೆ ಅದು ಶುರುವಾದದ್ದು ಒಂದು ಕಾಗದದಿಂದ, ಒಂದು ತಿಜೋರಿಯಿಂದ. ಸಹಕಾರಿ ಸಂಘದವರಾದ ನಾವು ಈ ಭಾಗವನ್ನು ಲಕ್ಷ್ಯಕೊಟ್ಟು ತಿಳಿಯಬೇಕು.

ಮಕ್ಕಳಿಲ್ಲದ ಶಿವಲಿಂಗರುದ್ರಸರ್ಜ 1824ರ ಸೆಪ್ಟೆಂಬರಿನಲ್ಲಿ ತೀರಿಕೊಂಡನು. ಸಾಯುವ ಮೊದಲು ಮಾಸ್ತಮರಡಿಯ ಶಿವಲಿಂಗಪ್ಪ ಎಂಬ ಬಾಲಕನನ್ನು ದತ್ತಕ ತೆಗೆದುಕೊಂಡಿದ್ದನು. ದತ್ತಕದ ವಿಷಯ ತಿಳಿಸುವ ಪತ್ರ ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆಯ ಕೈ ಸೇರುವಷ್ಟರಲ್ಲಿ ದೇಸಾಯಿ ಇರಲಿಲ್ಲ. ಪತ್ರದ ಮೇಲಿನ ತಾರೀಖು ಹಿಂದಿನದು, ಸಹಿ ಸಂಶಯದ್ದು ಎಂದು ಥ್ಯಾಕರೆ ತಗಾದೆ ತೆಗೆದನು. ತಾನೇ ಕಿತ್ತೂರಿಗೆ ಬಂದು ಖಜಾನೆಗೆ ಮುದ್ರೆ ಹಾಕಿ ಕಾವಲು ಇಟ್ಟನು. ಸುಮಾರು 15 ಲಕ್ಷ ರೂಪಾಯಿ ಬೆಲೆಯದೆಂದು ಹೇಳುವ ಹಣ–ಒಡವೆ ಅದರಲ್ಲಿತ್ತು. ಮನೆಯವರದೇ ಪೆಟ್ಟಿಗೆ, ಬೀಗದ ಮೇಲೆ ಪರರ ಮುದ್ರೆ! ರಾಣಿ ಚೆನ್ನಮ್ಮ ಪುಣೆಯಲ್ಲಿದ್ದ ಕಮೀಶನರ್ ಚಾಪ್ಲಿನ್ನನಿಗೂ ಮುಂಬಯಿ ಗವರ್ನರ್ ಎಲ್ಫಿನ್‌ಸ್ಟನ್ನನಿಗೂ ಅರ್ಜಿಗಳನ್ನು ಬರೆಸಿದಳು. ಕಾಗದದ ಹಾದಿಯಿಂದ ನ್ಯಾಯ ಸಿಗಲಿಲ್ಲ.

ಡಾಲಹೌಸಿ ಎಂಬ ಗವರ್ನರ್ ಜನರಲ್ 1848ರಿಂದ ದತ್ತಕ ಒಪ್ಪದೆ ಸಂಸ್ಥಾನಗಳನ್ನು ನುಂಗಿದ್ದನ್ನು ಶಾಲೆಯಲ್ಲಿ ಓದಿದ್ದೇವೆ. ಕಿತ್ತೂರಿನಲ್ಲಿ ಆ ಆಟ ಅದಕ್ಕೂ 24 ವರ್ಷ ಮೊದಲೇ ನಡೆದಿತ್ತು. ನರಗುಂದದ ಬಾಬಾಸಾಹೇಬ 1858ರಲ್ಲಿ ದಂಗೆ ಎದ್ದದ್ದಕ್ಕೂ ದತ್ತಕ ನಿರಾಕರಿಸಿದ್ದೇ ಒಂದು ಮುಖ್ಯ ಕಾರಣ.

ಥ್ಯಾಕರೆ ಅಕ್ಟೋಬರಿನಲ್ಲಿ ತೋಪು, ಕುದುರೆ ದಳ ತೆಗೆದುಕೊಂಡು ಮತ್ತೆ ಬಂದನು. 1824ರ ಅಕ್ಟೋಬರ್ 23ರಂದು ಕೋಟೆಯ ಬಾಗಿಲು ತೆರೆಯಬೇಕು, ಇಲ್ಲವಾದರೆ ತೋಪಿನಿಂದ ಒಡೆಯುತ್ತೇವೆ ಎಂದು ಗಡುವು ಕೊಟ್ಟನು. ಬಾಗಿಲು ತೆರೆಯಿತು. ಆದರೆ ಶರಣಾಗಲು ತೆರೆಯಲಿಲ್ಲ. ಸರದಾರ ಗುರುಸಿದ್ಧಪ್ಪನ ಮುಂದಾಳುತನದಲ್ಲಿ ಕಿತ್ತೂರಿನ ಮಂದಿ ಹೊಳೆಯಂತೆ ಹೊರಗೆ ನುಗ್ಗಿದರು. ಥ್ಯಾಕರೆ ಅಲ್ಲಿಯೇ ಸತ್ತನು. ಅವನನ್ನು ಹೊಡೆದವನು ಅಮಟೂರ ಬಾಳಪ್ಪ ಎಂದು ನಮ್ಮ ಜನ ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ಬ್ಲ್ಯಾಕ್, ಸಿವೆಲ್, ಡೈಟನ್ ಎಂಬ ಅಧಿಕಾರಿಗಳೂ ಸತ್ತರು. ಥ್ಯಾಕರೆಯ ಸಹಾಯಕರಾದ ವಾಲ್ಟರ್ ಎಲಿಯಟ್ ಮತ್ತು ಸ್ಟೀವನ್‌ಸನ್ ಸೆರೆ ಸಿಕ್ಕರು. ಸೆರೆಯಾಳುಗಳನ್ನು ಕಿತ್ತೂರಿನವರು ಮರ್ಯಾದೆಯಿಂದ ನೋಡಿಕೊಂಡರು.

ಈ ಜಯ ಆರು ವಾರ ಉಳಿಯಿತು. ಕುಂಪಣಿಯ ದೊಡ್ಡ ದಂಡು ಬಂದು ಸುತ್ತುಗಟ್ಟಿತು. ಡಿಸೆಂಬರ್ 2ರಂದು ರಾಣಿ ಸೆರೆಯಾಳುಗಳನ್ನು ಬಿಟ್ಟುಕೊಟ್ಟಳು. ಆದರೂ ಮುತ್ತಿಗೆ ನಿಲ್ಲಲಿಲ್ಲ. ಡಿಸೆಂಬರ್ ಮೊದಲ ವಾರದಲ್ಲಿ ಕೋಟೆ ಬಿದ್ದಿತು. ಒಳಗಿನವರೇ ತೋಪಿನ ಮದ್ದಿನಲ್ಲಿ ಕಲಬೆರಕೆ ಮಾಡಿದರೆಂದು ನಮ್ಮ ಕಡೆಯ ಜನ ಹೇಳುತ್ತಾರೆ. ಅದು ಎಷ್ಟರ ಮಟ್ಟಿಗೆ ಖರೆಯೋ, ಮನೆಯ ಕೀಲಿಕೈ ಬಲ್ಲವರು ಕೆಲವರು ಪರರ ಪಕ್ಷ ಸೇರಿದ್ದಂತೂ ಖರೆ. ರಾಣಿಯನ್ನು ಬೈಲಹೊಂಗಲದಲ್ಲಿ ಸೆರೆಯಲ್ಲಿ ಇಟ್ಟರು. 1829ರ ಫೆಬ್ರುವರಿಯಲ್ಲಿ ಆಕೆ ಅಲ್ಲಿಯೇ ತೀರಿಕೊಂಡಳು. ಸಮಾಧಿಯೂ ಬೈಲಹೊಂಗಲದಲ್ಲಿಯೇ ಇದೆ.

ಕಾಗದ ಸುಟ್ಟವನು, ಕಾಗದ ಕೂಡಿಸಿದವನು

ಮುಂದಿನ ಕಥೆ ಸಂಗೊಳ್ಳಿ ರಾಯಣ್ಣನದು. ಆತ ಅರಸು ಮನೆತನದವನಲ್ಲ, ಊರಿನ ವಾಲೀಕಾರ. ಕುಂಪಣಿ ಸರಕಾರ ಅವನ ಮಾನ್ಯದ ಜಮೀನು ಕಸಿದುಕೊಂಡು, ಉಳಿದದ್ದಕ್ಕೆ ಭಾರಿ ತೆರಿಗೆ ಹಾಕಿತು. 1830ರ ಆರಂಭದಲ್ಲಿ ರಾಯಣ್ಣ ದಂಡು ಕಟ್ಟಿ ಬೀಡಿಯ ಸರಕಾರಿ ಕಚೇರಿಗೆ ಬೆಂಕಿ ಹಚ್ಚಿದನು. ಖಜಾನೆ ಲೂಟಿ ಮಾಡಿದ್ದು ತಿಳಿಯುತ್ತದೆ, ಕಚೇರಿ ಯಾಕೆ ಸುಟ್ಟ ಎಂದು ಮಕ್ಕಳು ಕೇಳಿದರು. ಸಾಲ ಮಾಡಿ, ಸಾಹುಕಾರನ ಖಾತೆಯಲ್ಲಿ ಬರೆದದ್ದೇ ವೇದವಾಕ್ಯ ಎಂದು ತಲೆ ತಗ್ಗಿಸಿದ ರೈತನ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತನ್ನ ಹೊಲ ತನ್ನದಲ್ಲ ಎಂದು ಬರೆದ ದಫ್ತರ ಆ ಕಚೇರಿಗಳಲ್ಲಿತ್ತು. ರಾಯಣ್ಣನನ್ನು ಮೋಸದಿಂದ ಹಿಡಿದು 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೆ ಹಾಕಿದರು.

ಇನ್ನು ಸೆರೆಯಾಳು ಎಲಿಯಟ್. ಕಿತ್ತೂರಿನಲ್ಲಿ ಸಿಕ್ಕಿಬಿದ್ದಾಗ ಅವನಿಗೆ ಇಪ್ಪತ್ತೊಂದು ವರ್ಷ. ಬದುಕಿ ಉಳಿದ ಆ ತರುಣ ಮುಂದೆ ನಮ್ಮ ಧಾರವಾಡ ಸೀಮೆಯ ಊರೂರಿನ ಶಿಲಾಶಾಸನಗಳನ್ನು ನಕಲು ಮಾಡಿಸಿ, ಸುಮಾರು 600 ಕನ್ನಡ ಶಾಸನಗಳ ಸಂಗ್ರಹ ಮಾಡಿದನು. ಚಾಲುಕ್ಯ, ಕದಂಬ ಅರಸರ ಇತಿಹಾಸವನ್ನು ಕ್ರಮವಾಗಿ ಬರೆಯಲು ಮೊದಲಿಟ್ಟವರಲ್ಲಿ ಅವನೂ ಒಬ್ಬ. ರಾಣಿ ಅವನ ಜೀವ ತೆಗೆದಿದ್ದರೆ ಆ ಕೆಲಸ ಅವನಿಂದ ಆಗುತ್ತಿರಲಿಲ್ಲ. ಥ್ಯಾಕರೆಯ ಅಣ್ಣನ ಮಗನೂ ಇಂಗ್ಲೀಷಿನ ಹೆಸರಾಂತ ಕಾದಂಬರಿಕಾರ ಆದವನು, ವಿಲಿಯಂ ಮೇಕ್‌ಪೀಸ್ ಥ್ಯಾಕರೆ. ಕಡೆಗೆ ನೋಡಿದರೆ ಬರೆಯುವ ಬಲ ಅವರ ಕಡೆಗೇ ಇತ್ತು. ಕಿತ್ತೂರಿನ ಸಂಗತಿ ನಮಗೆ ತಾರೀಖುವಾರು ತಿಳಿದದ್ದು ಬಹುಮಟ್ಟಿಗೆ ಕುಂಪಣಿಯ ಅಧಿಕಾರಿಗಳು ಒಬ್ಬರಿಗೊಬ್ಬರು ಬರೆದ ಪತ್ರಗಳಿಂದ. 1870ರಲ್ಲಿ ಸ್ಟೋಕ್ಸ್ ಎಂಬ ಅಧಿಕಾರಿ ಬೆಳಗಾವಿ ಜಿಲ್ಲೆಯ ಇತಿಹಾಸ ಬರೆದದ್ದೂ ಅವರ ದಫ್ತರದ ಆಧಾರದ ಮೇಲೆಯೇ.

ನಮ್ಮ ಕಡೆಯಿಂದ ಉಳಿದದ್ದು ಬಹಳವಾಗಿ ಲಾವಣಿ. ಓದು ಬರಹ ಬಾರದ ಲಾವಣಿಕಾರರು, ಗೀಗೀ ಪದದವರು ಕಿತ್ತೂರನ್ನು ನಾಲಗೆಯ ಮೇಲೆ ಕಾಯ್ದರು. ಅವರು ಹಾಡದೆ ಹೋಗಿದ್ದರೆ ಕುಂಪಣಿಯ ಕಾಗದದಲ್ಲಿ ಚೆನ್ನಮ್ಮ ಒಬ್ಬ ಹಟಮಾರಿ ವಿಧವೆಯಾಗಿ, ರಾಯಣ್ಣ ಒಬ್ಬ ದರೋಡೆಕೋರನಾಗಿ ಉಳಿದುಬಿಡುತ್ತಿದ್ದರು. 2007ರ ಸೆಪ್ಟೆಂಬರ್ 11ರಂದು ದಿಲ್ಲಿಯ ಸಂಸತ್ ಭವನದ ಆವರಣದಲ್ಲಿ ರಾಣಿಯ ಪ್ರತಿಮೆ ನಿಂತಿತು. 2024ರಲ್ಲಿ ಕಿತ್ತೂರಿನ ವಿಜಯಕ್ಕೆ 200 ವರ್ಷ ತುಂಬಿದವು. ಆ ಮಾನದಲ್ಲಿ ದೊಡ್ಡ ಪಾಲು ಹೆಸರಿಲ್ಲದ ಆ ಹಾಡುಗಾರರದು.

ವಾಡೆಯ ಹೊರಗೆ ಗಿಡದ ನೆರಳಿನಲ್ಲಿ ಬುತ್ತಿ ಬಿಚ್ಚಿ ಕುಳಿತಾಗ ಇದೇ ಮಾತು ನಡೆಯಿತು. ಅಜ್ಜ ರೊಟ್ಟಿ ಮುರಿಯುತ್ತ, “ಅಲ್ರೀ, ಇಷ್ಟು ದೊಡ್ಡ ಸಂಸ್ಥಾನದ ಲೆಕ್ಕ–ಪತ್ರ ಎಲ್ಲಿ ಹೋತು? ಯಾರಿಗೆ ಎಷ್ಟು ಕಾಳು ಕೊಟ್ಟರು, ಯಾವ ಸಿಪಾಯಿ ಮನಿಗೆ ಏನು ಕೊಟ್ಟರು, ಬರದಿದ್ದರಲ್ಲೇನು?” ಎಂದು ಕೇಳಿದರು. ಬರೆಯದೆ ಸಂಸ್ಥಾನ ನಡೆಯುತ್ತದೆಯೇ? ಬರೆದೇ ಇರಬೇಕು. ಆದರೆ ಅಂದು ನಾವು ನೋಡಿ ಬಂದದ್ದರಲ್ಲಿ ಕತ್ತಿ ಇತ್ತು, ಕಲ್ಲು ಇತ್ತು, ಬಾಗಿಲು ಇತ್ತು. ಅಕ್ಟೋಬರ್ 23ರಂದು ಕೋಟೆಯ ಬಾಗಿಲಿನಿಂದ ಹೊರಗೆ ನುಗ್ಗಿದ ಸಾಮಾನ್ಯ ಮಂದಿಯ ಹೆಸರಿನ ಯಾದಿಯನ್ನು ನಾವು ಕಾಣಲಿಲ್ಲ.

ನಮ್ಮ ಟ್ರಂಕು

ಈ ಪ್ರಶ್ನೆಯನ್ನು ಕಟ್ಟಿಕೊಂಡೇ ಊರಿಗೆ ಬಂದೆವು. ಸ್ಮರಣ ಸಂಚಿಕೆಗಾಗಿ ಸಂಘದ ಹಳೆಯ ಸಂಗತಿ ಬೇಕಾಗಿತ್ತಾದ್ದರಿಂದ ಮರುವಾರ ಹಿಂದಿನ ಖೋಲಿಯಲ್ಲಿದ್ದ ಹಳೆಯ ಟ್ರಂಕು ತೆರೆದೆವು. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು. ಮೊದಲ ವರ್ಷಗಳ ಕೀರ್ದಿ, ಖತಾವಣಿ, ಶೇರು ರಿಜಿಸ್ಟರು, ಸಭೆಯ ನಡಾವಳಿ ಪುಸ್ತಕ ಎಲ್ಲಕ್ಕೂ ಗೆದ್ದಲು ಹತ್ತಿತ್ತು. ಮಾಳಿಗೆ ಸೋರಿ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಕಿತ್ತೂರಿನ ಲೆಕ್ಕ ಯಾರು ಹಾಳು ಮಾಡಿದರು ಎಂದು ಗಿಡದ ಕೆಳಗೆ ಕುಳಿತು ಕೇಳಿದವರು ನಾವು. ನಮ್ಮ ಲೆಕ್ಕವನ್ನು ಯಾವ ಥ್ಯಾಕರೆಯೂ ಬಂದು ಹಾಳು ಮಾಡಿರಲಿಲ್ಲ.

ಉಳಿದ ಹಾಳೆಗಳನ್ನು ಬಿಸಿಲಿಗೆ ಹರವಿ ಒಂದೊಂದಾಗಿ ಬಿಡಿಸಿದೆವು. ಶೇರು ರಿಜಿಸ್ಟರಿನ ಮೊದಲ ಹಾಳೆಗಳಲ್ಲಿ ಸಹಿಗಿಂತ ಹೆಬ್ಬೆಟ್ಟೇ ಹೆಚ್ಚು. ಅಜ್ಜನೂ ಬಂದು ಕಟ್ಟೆಯ ಮೇಲೆ ಕುಳಿತಿದ್ದರು. ಒಂದು ಹಾಳೆಯ ಮುಂದೆ ಅವರು ಕೈ ಇಟ್ಟರು. ತೀರಿಹೋದ ಅವರ ತಾಯಿಯ ಹೆಸರು ಅಲ್ಲಿತ್ತು. ಎಮ್ಮೆಯ ಹಾಲು ಮಾರಿ ಕೂಡಿಸಿದ ರೊಕ್ಕದಲ್ಲಿ ಆ ಅವ್ವ ಒಂದು ಶೇರು ತೆಗೆದುಕೊಂಡಿದ್ದಳು. ಹೆಸರಿನ ಮುಂದಿನ ಹೆಬ್ಬೆಟ್ಟಿನಲ್ಲಿ ಅರ್ಧವನ್ನು ಗೆದ್ದಲು ತಿಂದಿತ್ತು, ಅರ್ಧ ಉಳಿದಿತ್ತು. “ನಮ್ಮವ್ವಂದು ಫೋಟೋ ಸುದ್ದಾ ಇಲ್ಲರೀ ಮನಿಯಾಗ. ಇದೊಂದ ನೋಡ್ರಿ ಆಕೀದು” ಎಂದರು. ಬಹಳ ಹೊತ್ತು ಯಾರೂ ಮಾತಾಡಲಿಲ್ಲ.

ನಮ್ಮ ಸಂಘ ಸಣ್ಣದು. ಆದರೆ ಅದರ ವಂಶ ದೊಡ್ಡದು. 1905ರಲ್ಲಿ ಆಗಿನ ನಮ್ಮ ಧಾರವಾಡ ಜಿಲ್ಲೆಯ, ಈಗಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದರು. ಸಾಹುಕಾರನ ಖಾತೆಯಿಂದ ರೈತನ ಹೆಸರನ್ನು ಬಿಡಿಸಿ, ರೈತನದೇ ಖಾತೆಯಲ್ಲಿ ಬರೆಯುವ ಕೆಲಸ ಅದು. ರಾಯಣ್ಣ ಬೆಂಕಿ ಹಚ್ಚಿ ಕೇಳಿದ್ದನ್ನು ಪಾಟೀಲರು ಮಸಿ–ಲೇಖಣಿಯಿಂದ ಕೇಳಿದರು ಎಂದು ಹೇಳಿದರೆ ಹೆಚ್ಚಾಗಲಿಕ್ಕಿಲ್ಲ. ತಿಜೋರಿಯ ಕೀಲಿ ನಮ್ಮದು, ಮುದ್ರೆ ನಮ್ಮದು, ಪುಸ್ತಕವೂ ನಮ್ಮದು. ಪುಸ್ತಕವನ್ನು ಗೆದ್ದಲಿಗೆ ಬಿಟ್ಟರೆ ಮೊದಲಿನ ಎರಡೂ ಬಹಳ ದಿವಸ ನಮ್ಮ ಕೈಯಲ್ಲಿ ನಿಲ್ಲುವುದಿಲ್ಲ.

ಆದ್ದರಿಂದ ಮುಂದಿನ ಸಭೆಯಲ್ಲಿ ಮೂರು ಠರಾವು ಮಾಡಿದೆವು. ಸಂಘದ ಒಂದು ಖೋಲಿಯನ್ನು ಹಳೆಯ ದಫ್ತರಕ್ಕಾಗಿಯೇ ತೆಗೆದಿಡುವುದು. ಉಳಿದ ಎಲ್ಲ ಪುಸ್ತಕಗಳ ನಕಲು ಮಾಡಿಸಿ ಬೇರೆ ಕಡೆ ಇಡುವುದು. ಮನೆಗಳಲ್ಲಿರುವ ಹಳೆಯ ಪಾವತಿ, ಪಾಸ್‌ಬುಕ್ಕು, ಫೋಟೋಗಳನ್ನು ಸದಸ್ಯ ಬಾಂಧವರು ತಂದು ತೋರಿಸಿದರೆ ನಕಲು ಮಾಡಿಕೊಂಡು ಮೂಲವನ್ನು ಮರಳಿ ಕೊಡುವುದು. ಮೂರಕ್ಕೂ ಅಜ್ಜನೇ ಸೂಚಕರು. ಬೆಳ್ಳಿಹಬ್ಬದ ಖರ್ಚಿನಲ್ಲಿ ಉಳಿದ ಹಣದಿಂದ ಒಂದು ಕಪಾಟು ತಂದೆವು. ಅದು ಬಂದ ದಿವಸ ಅಜ್ಜ ಅದರ ಬಾಗಿಲು ತಟ್ಟಿ ನೋಡಿ ನಕ್ಕು, “ಡಬ್ಬಿ ಕೊಡಲಿಲ್ಲ ಖರೆ, ಎಲ್ಲಾರದೂ ಕೂಡಿ ಒಂದ ದೊಡ್ಡ ಡಬ್ಬಿ ತಂದೀರಿ, ಆತು ಬಿಡ್ರಿ” ಎಂದರು.

ಅವರ ತಾಯಿಯ ಅರ್ಧ ಹೆಬ್ಬೆಟ್ಟಿನ ಆ ಹಾಳೆ ಈಗ ಅದರ ಮೇಲಿನ ಅರೆಯಲ್ಲಿದೆ. ಸದಸ್ಯ ಬಾಂಧವರು ಬಂದು ನೋಡಬೇಕು, ತಮ್ಮ ಮನೆಯ ಹಳೆಯ ಕಾಗದಗಳನ್ನೂ ತರಬೇಕು ಎಂದು ವಿನಂತಿಸುತ್ತೇವೆ. ಅಕ್ಟೋಬರ್ 23ರಿಂದ ಕಿತ್ತೂರು ಉತ್ಸವ ನಡೆಯುತ್ತದೆ. ಅನುಕೂಲ ಇದ್ದವರು ಆ ದಿನಗಳಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ, ಆ ಬಿದ್ದ ಗೋಡೆಗಳನ್ನು ಒಮ್ಮೆ ಕೈ ಮುಟ್ಟಿ ನೋಡಿ ಬರಲಿ.